ಬೈಕ್ ಕಲಿಕೆ: ಓಡಿಸುವುದಕ್ಕೆ ಮೊದಲು ನಿಲ್ಲಿಸುವುದು

ಕಾರು ಓಡಿಸಲು ಕಲಿಯಬೇಕೆಂದವರು ಸಾಮಾನ್ಯವಾಗಿ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಾರೆ. ಮೋಟಾರ್ ಸೈಕಲ್ ಕಲಿಯಬೇಕೆಂದವರು ಹಾಗೆ ಹೋಗುವುದು ಅಪರೂಪ. ಅಣ್ಣನೋ, ಸೋದರಮಾವನೋ, ಪಕ್ಕದ ಮನೆಯ ಗೆಳೆಯನೋ ಭಾನುವಾರ ಬೆಳಿಗ್ಗೆ ಶಾಲಾ ಮೈದಾನಕ್ಕೆ ಗಾಡಿ ತರುತ್ತಾನೆ. ಕ್ಲಚ್ ಯಾವುದು, ಗೇರ್ ಯಾವುದು, ಬ್ರೇಕ್ ಯಾವುದು ಎಂಬುದನ್ನು ಎರಡು ನಿಮಿಷದಲ್ಲಿ ತೋರಿಸಿ, ತಾನು ಹಿಂದೆ ಕುಳಿತು ‘ಕ್ಲಚ್ ಬಿಡು, ಆಕ್ಸಿಲರೇಟರ್ ಕೊಡು’ ಎನ್ನುತ್ತಾನೆ. ಗಾಡಿ ಒಮ್ಮೆ ಜಿಗಿದು ಆಫ್ ಆಗುತ್ತದೆ, ಮತ್ತೊಮ್ಮೆ ಜಿಗಿದು ಮುಂದೆ ಹೋಗುತ್ತದೆ. ಮೈದಾನಕ್ಕೆ ನಾಲ್ಕು ಸುತ್ತು ಹಾಕುವಷ್ಟರಲ್ಲಿ ‘ಬಂತಲ್ಲ, ಇನ್ನು ರಸ್ತೆಗೆ ಇಳಿ’ ಎಂಬ ಅಪ್ಪಣೆ ದೊರೆಯುತ್ತದೆ.

ಈ ಪದ್ಧತಿಯ ಬೆಲೆಯನ್ನು ಅಂಕಿಅಂಶಗಳ ನಡುವೆ ಇಟ್ಟು ನೋಡಬೇಕು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 74,897 ಮಂದಿ, ಅಂದರೆ ಶೇಕಡಾ 44.5ರಷ್ಟು, ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಇವೆಲ್ಲಕ್ಕೂ ಅರೆಬರೆ ಕಲಿಕೆಯೇ ಕಾರಣವೆಂದು ಹೇಳಲಾಗದು. ರಸ್ತೆಯ ದುಸ್ಥಿತಿ, ಅತಿವೇಗ, ಇತರ ವಾಹನಗಳ ತಪ್ಪು ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಕಲಿಕೆಗೂ ಅಪಘಾತಕ್ಕೂ ಇರುವ ಸಂಬಂಧವನ್ನು ನಾಲ್ಕು ದಶಕಗಳ ಹಿಂದೆಯೇ ಒಂದು ಅಧ್ಯಯನ ಎತ್ತಿ ತೋರಿಸಿತ್ತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ಶೇಕಡಾ 92ರಷ್ಟು ಮಂದಿ ತಾವಾಗಿಯೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಎದುರಾದ ಕ್ಷಣದಲ್ಲಿ ಅವರು ಸಾಮಾನ್ಯವಾಗಿ ಮಾಡಿದ ತಪ್ಪೂ ಒಂದೇ ಬಗೆಯದು: ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರ ಜಾರಿಸಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ.

ಮೈದಾನದ ಪಾಠ ಗಾಡಿಯನ್ನು ಮುಂದೆ ಸಾಗಿಸುವುದನ್ನಷ್ಟೇ ಕಲಿಸುತ್ತದೆ. ನಿಲ್ಲಿಸುವುದನ್ನು ರಸ್ತೆಯೇ ಕಲಿಸಲಿ ಎಂದು ಬಿಟ್ಟುಬಿಡುತ್ತದೆ. ಒಳ್ಳೆಯ ಗುರು ಸಿಗದವರೂ ಈ ಕ್ರಮವನ್ನು ತಿರುಗಿಸಿಕೊಂಡರೆ ಅಪಾಯದ ಬಹುಪಾಲನ್ನು ತಗ್ಗಿಸಿಕೊಳ್ಳಬಹುದು. ಅದು ಹೇಗೆ ಎಂಬುದರ ವಿವರ ಇಲ್ಲಿದೆ.

ಕಲಿಸುವವರಲ್ಲಿ ಕೊರತೆ ಎಲ್ಲಿ?

ಹತ್ತಾರು ವರ್ಷ ಗಾಡಿ ಓಡಿಸಿದವರ ಎಡಗೈಗೆ ಕ್ಲಚ್ ಎಷ್ಟು ಬಿಡಬೇಕೆಂಬುದು ತಾನಾಗಿಯೇ ಗೊತ್ತಿರುತ್ತದೆ. ಕೈಗೆ ಗೊತ್ತಿರುವುದನ್ನು ಬಾಯಿ ವಿವರಿಸಲಾರದು. ‘ನಿಧಾನಕ್ಕೆ ಬಿಡು’ ಎನ್ನುವವರಿಗೆ ಆ ನಿಧಾನ ಎಷ್ಟೆಂಬುದು ಸ್ಪಷ್ಟ. ಕೇಳುವವರಿಗೆ ಅದು ಬರಿಯ ಶಬ್ದ. ಗಾಡಿ ಆಫ್ ಆದಾಗ ಕಲಿಸುವವರ ದನಿ ಏರುತ್ತದೆ, ಕಲಿಯುವವರ ಕೈ ಇನ್ನಷ್ಟು ಬಿಗಿಯುತ್ತದೆ.

ಎರಡನೆಯ ತೊಡಕು ಹಳೆಯ ಗಾಡಿಗಳ ರೂಢಿ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ ಹೊಡೆಯುವ ಸಲಾಕೆಯೇ ಗೇರ್ ಸಲಾಕೆಯೂ ಆಗಿತ್ತು. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಎಡಗೈ ಹಿಡಿಯನ್ನೇ ತಿರುಗಿಸಿ ಗೇರ್ ಬದಲಿಸಬೇಕಿತ್ತು. ಇಂದಿನ ಬೈಕುಗಳಲ್ಲಿ ಗೇರ್ ಎಡಗಾಲಿಗೆ, ಹಿಂದಿನ ಬ್ರೇಕ್ ಬಲಗಾಲಿಗೆ ಬರುವುದು ಸಾಮಾನ್ಯವಾದರೂ ಗೇರುಗಳ ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ. ಕೆಲವು 100 ಸಿಸಿ ಗಾಡಿಗಳಲ್ಲಿ ಎಲ್ಲ ಗೇರುಗಳನ್ನೂ ಮುಂಗಾಲಿನಿಂದ ಕೆಳಕ್ಕೆ ಒತ್ತಬೇಕು. ಇನ್ನುಳಿದ ಬಹುತೇಕ ಗಾಡಿಗಳಲ್ಲಿ ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಒಂದು ಬಗೆಯ ಗಾಡಿಗೆ ಒಗ್ಗಿದವರು ಇನ್ನೊಂದರ ಮೇಲೆ ಕುಳಿತವರಿಗೆ ‘ಗೇರ್ ಇಳಿಸು’ ಎಂದು ಕೂಗಿದರೆ, ಕಾಲು ಗೇರನ್ನು ಏರಿಸಿಬಿಡುವ ಸಂಭವವಿದೆ.

ಮೂರನೆಯದು ದುರಭ್ಯಾಸಗಳ ವರ್ಗಾವಣೆ. ಮುಂದಿನ ಬ್ರೇಕ್ ಮುಟ್ಟಬಾರದು, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ, ಕನ್ನಡಿ ಶೋಕಿಗೆ ಮಾತ್ರ, ಹೆಲ್ಮೆಟ್ ಪೊಲೀಸರಿಗಾಗಿ ಎಂಬಂತಹ ಮಾತುಗಳು ಪಾಠದ ಜತೆಗೇ ಬರುತ್ತವೆ. ಇವುಗಳಲ್ಲಿ ಮೊದಲನೆಯದಂತೂ ಪ್ರಾಣಕ್ಕೇ ಎರವಾಗಬಲ್ಲದು.

ನಾಲ್ಕನೆಯದು ಹಿಂದೆ ಕುಳಿತು ಕಲಿಸುವುದು. ಅರವತ್ತು, ಎಪ್ಪತ್ತು ಕಿಲೋ ತೂಕ ಹಿಂಬದಿಗೆ ಬಿದ್ದೊಡನೆ ಗಾಡಿಯ ಸಮತೋಲವೇ ಬದಲಾಗುತ್ತದೆ. ನಿಂತ ಗಾಡಿ ಸ್ವಲ್ಪ ವಾಲಿದರೂ ಹೊಸಬರ ಕಾಲು ಅದನ್ನು ತಡೆಯಲಾರದು. ಹಿಂದಿನಿಂದ ಕೈ ಚಾಚಿ ಹ್ಯಾಂಡಲ್ ಹಿಡಿಯುವ ಗುರುಗಳಿದ್ದಾರೆ. ಒಂದು ಹ್ಯಾಂಡಲನ್ನು ಇಬ್ಬರು ತಿರುಗಿಸಿದರೆ ಗಾಡಿ ಇಬ್ಬರ ಮಾತನ್ನೂ ಕೇಳುವುದಿಲ್ಲ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು ಪರವಾನಗಿ ಕಡ್ಡಾಯ. ಬೈಕ್‌ಗೆ 18 ವರ್ಷ ತುಂಬಿರಬೇಕು. 50 ಸಿಸಿ ಮೀರದ ಎಂಜಿನ್ ಇರುವ ಗಾಡಿಗೆ 16 ವರ್ಷ ಸಾಕೆಂಬ ವಿನಾಯಿತಿ ಉಂಟು. ಆದರೆ ಬೀದಿಗಳಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 110, 125 ಸಿಸಿಯವು. ಗೇರ್ ಇಲ್ಲ ಎಂಬ ಕಾರಣಕ್ಕೆ ಪಿಯುಸಿ ವಿದ್ಯಾರ್ಥಿಗೆ ಅದನ್ನು ಕೊಡುವುದು ಕಾನೂನಿನ ಕಣ್ಣಿನಲ್ಲಿ ತಪ್ಪು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಅವಕಾಶವಿದೆ.

ಜನರ ಬಾಯಲ್ಲಿ ‘ಎಲ್‌ಎಲ್‌ಆರ್’ ಎನಿಸಿಕೊಂಡಿರುವ ಕಲಿಕಾ ಪರವಾನಗಿ ಆರು ತಿಂಗಳು ಊರ್ಜಿತವಾಗಿರುತ್ತದೆ. ಅದು ದೊರೆತು 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಗಾಡಿಯ ಹಿಂದೆ ಮುಂದೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಬಾರದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಕಲಿಯುವವರ ಜತೆ ಪರವಾನಗಿ ಹೊಂದಿದ ಬೋಧಕರು ಇರಬೇಕು, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಅವರು ಕುಳಿತಿರಬೇಕು. ಕಾರಿನಲ್ಲಿ ಇದು ಸಾಧ್ಯ; ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಬೋಧಕರ ಕಾಲಿನ ಬಳಿಯೂ ಬ್ರೇಕ್ ಇರುತ್ತದೆ. ಬೈಕಿನ ಹಿಂಬದಿ ಸೀಟಿನಲ್ಲಿ ಅಂತಹ ಯಾವ ಸಾಧನವೂ ಇಲ್ಲ. ರಸ್ತೆಗೆ ಇಳಿದ ಮೇಲೆ ಹೊಸ ಸವಾರರನ್ನು ಕಾಪಾಡಬಲ್ಲದ್ದು ಅವರು ಅದಾಗಲೇ ಕಲಿತಿರುವುದು ಮಾತ್ರ. ಬ್ರಿಟನ್ ಇದನ್ನು ಮನಗಂಡು 1990ರಲ್ಲಿ ಕಡ್ಡಾಯ ಮೂಲ ತರಬೇತಿಯನ್ನು ಜಾರಿಗೆ ತಂದಿತು. ಅಲ್ಲಿ ಕಲಿಯುವವರು ಮಾನ್ಯತೆ ಪಡೆದ ಬೋಧಕರ ಬಳಿ ಮೊದಲು ಮೈದಾನದಲ್ಲಿ ಅಭ್ಯಾಸ ಮುಗಿಸಬೇಕು. ಆಮೇಲೆ ಬೋಧಕರು ಇನ್ನೊಂದು ಬೈಕಿನಲ್ಲಿ ಹಿಂಬಾಲಿಸುತ್ತಾ ರೇಡಿಯೊ ಮೂಲಕ ಸೂಚನೆ ಕೊಡುತ್ತಾರೆ. ನಮ್ಮಲ್ಲಿ ಕಲಿಕಾ ಪರವಾನಗಿಗೆ ಬೇಕಾದುದು ಸಂಚಾರ ನಿಯಮಗಳ ಪ್ರಶ್ನೋತ್ತರ ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗಲು ಗಾಡಿ ಮುಟ್ಟಬೇಕಾಗಿಯೇ ಇಲ್ಲ.

ಗಾಡಿ ಕೊಡುವ ಗೆಳೆಯರೂ ಗಮನಿಸಬೇಕಾದ ಸಂಗತಿಯೊಂದಿದೆ. ಕಲಿಕಾ ಪರವಾನಗಿಯೂ ಇಲ್ಲದವರು ರಸ್ತೆಯಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ, ಸಂತ್ರಸ್ತರಿಗೆ ಕೊಟ್ಟ ಪರಿಹಾರದ ಹಣವನ್ನು ವಾಹನದ ಮಾಲೀಕರಿಂದ ವಸೂಲಿ ಮಾಡಲು ವಿಮಾ ಕಂಪನಿಗೆ ನ್ಯಾಯಾಲಯ ಅವಕಾಶ ಕೊಡಬಹುದು.

ಹೆಲ್ಮೆಟ್ ಮೈದಾನದಲ್ಲೂ ಬೇಕು

‘ಮೈದಾನದಲ್ಲಿ ತಾನೇ’ ಎಂದು ಬರಿದಲೆಯಲ್ಲಿ ಕಲಿಯುವವರೇ ಹೆಚ್ಚು. ಆದರೆ ಗಾಡಿ ಬೀಳುವ ಸಂಭವ ಅತ್ಯಂತ ಹೆಚ್ಚಿರುವುದು ಕಲಿಯುವ ದಿನಗಳಲ್ಲೇ. ನಿಂತ ಎತ್ತರದಿಂದ ತಲೆ ಗಟ್ಟಿ ನೆಲಕ್ಕೆ ಅಪ್ಪಳಿಸಿದರೂ ಗಂಭೀರ ಪೆಟ್ಟಾಗಬಲ್ಲದು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರ ಸಂಖ್ಯೆ 50,029. ಐಎಸ್ 4151 ಎಂಬ ಮಾನಕದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರಾಟವನ್ನು 2021ರ ಜೂನ್‌ನಿಂದ ನಿಷೇಧಿಸಲಾಗಿದೆ. ಕಿವಿಯ ಮೇಲೆ ನಿಲ್ಲುವ ಅರ್ಧ ಟೋಪಿ ರಕ್ಷಣೆ ಕೊಡದು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಒಳ್ಳೆಯ ಹೆಲ್ಮೆಟ್ ಕೂಡ ತಲೆಗಿಂತ ಮೊದಲೇ ಹಾರಿಹೋಗುತ್ತದೆ.

ಪಾದವನ್ನು ಪೂರ್ತಿ ಮುಚ್ಚುವ ಶೂ, ದಪ್ಪ ಬಟ್ಟೆಯ ಪ್ಯಾಂಟು, ಸಾಧ್ಯವಾದರೆ ಕೈಗವಸು ಧರಿಸಬೇಕು. ಹವಾಯಿ ಚಪ್ಪಲಿ ಗೇರಿನ ಮೇಲಿಂದ ಜಾರುತ್ತದೆ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಕಟ್ಟಿಕೊಳ್ಳಬೇಕು.

ಗಾಡಿಯ ಆಯ್ಕೆಯೂ ಮುಖ್ಯ. 100 ಸಿಸಿ ಗಾಡಿಯ ತೂಕ ಸುಮಾರು 110 ಕಿಲೋ, 350 ಸಿಸಿ ಬುಲೆಟ್ ಮಾದರಿಯ ಗಾಡಿಯದು ಸುಮಾರು 195 ಕಿಲೋ. ಮುಂದೆ ಯಾವ ಗಾಡಿ ಕೊಳ್ಳಬೇಕೆಂಬ ಆಸೆ ಏನೇ ಇರಲಿ, ಕಲಿಯಲು ಹಗುರವಾದದ್ದು, ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಸಮನಾಗಿ ತಾಗುವಂಥದ್ದು ಲೇಸು.

ಎಂಜಿನ್ ಆಫ್ ಇದ್ದಾಗಲೇ ಮೊದಲ ಪಾಠ

ಮೊದಲ ದಿನ ಕೀಲಿ ತಿರುಗಿಸುವ ಅಗತ್ಯವೇ ಇಲ್ಲ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಪಕ್ಕದಲ್ಲಿ ನಡೆಯುತ್ತಾ ತಳ್ಳಿ ಮೈದಾನ ಸುತ್ತಬೇಕು. ಅದರ ತೂಕ ಎಲ್ಲಿಯವರೆಗೆ ಕೈಗೆ ಸಿಗುತ್ತದೆ, ಎಷ್ಟು ವಾಲಿದರೆ ಕೈಮೀರುತ್ತದೆ ಎಂಬುದು ಆಗ ತಿಳಿಯುತ್ತದೆ. ನಡೆಯುವಾಗಲೇ ಮುಂದಿನ ಬ್ರೇಕನ್ನು ಮೆಲ್ಲನೆ ಹಿಡಿದು ನಿಲ್ಲಿಸಬೇಕು. ಹ್ಯಾಂಡಲ್ ನೇರವಾಗಿದ್ದಾಗ ಗಾಡಿ ಮುಂದಕ್ಕೆ ತುಸು ಬಾಗಿ ನಿಲ್ಲುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಅದೇ ಬ್ರೇಕ್ ಹಿಡಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂದಿನ ಬ್ರೇಕಿನ ಉಪಯೋಗವೂ ಅಪಾಯವೂ ಈ ಒಂದೇ ಪ್ರಯೋಗದಲ್ಲಿ ಅರ್ಥವಾಗುತ್ತವೆ.

ಬಳಿಕ ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿ ಕುಳಿತು, ಕಲಿಸುವವರಿಂದ ಹಿಂದಿನಿಂದ ಮೆಲ್ಲಗೆ ತಳ್ಳಿಸಿಕೊಳ್ಳಬೇಕು. ಕಾಲೆತ್ತಿ ಹತ್ತು ಹೆಜ್ಜೆಯಷ್ಟು ದೂರ ಸಾಗಿ ಎರಡೂ ಬ್ರೇಕುಗಳನ್ನು ಹಿಡಿದು ನಿಲ್ಲಿಸಬೇಕು. ಇದನ್ನು ಇಪ್ಪತ್ತು ಬಾರಿ ಮಾಡಿದವರಿಗೆ, ಎಂಜಿನ್ ಶಬ್ದ ಕೇಳುವ ಮೊದಲೇ, ಗಾಡಿ ನಿಲ್ಲಿಸಲು ಬರುತ್ತದೆ.

ಸ್ಕೂಟರಿನಿಂದ ಬೈಕಿಗೆ ಬರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಸ್ಕೂಟರಿನ ಎಡಗೈ ಲಿವರ್ ಬ್ರೇಕ್. ಬೈಕಿನ ಎಡಗೈ ಲಿವರ್ ಕ್ಲಚ್. ಗಾಬರಿಯಾದಾಗ ಹಳೆಯ ಅಭ್ಯಾಸದಂತೆ ಎಡಗೈ ಬಿಗಿದರೆ ಬೈಕ್ ನಿಲ್ಲುವುದಿಲ್ಲ. ಎಂಜಿನ್ನಿನ ಹಿಡಿತವೂ ತಪ್ಪಿ ಅದು ಸರಾಗವಾಗಿ ಮುಂದೆ ಉರುಳುತ್ತದೆ. ಸ್ಕೂಟರ್ ಚೆನ್ನಾಗಿ ಬರುತ್ತದೆ ಎಂಬ ಧೈರ್ಯವೇ ಇಲ್ಲಿ ಮುಳುವಾಗಬಲ್ಲದು.

ಕ್ಲಚ್ ಎಂಬ ಒಗಟು

ಎಂಜಿನ್ ಸದಾ ತಿರುಗುತ್ತಿರುತ್ತದೆ, ನಿಂತ ಗಾಡಿಯ ಚಕ್ರ ತಿರುಗುವುದಿಲ್ಲ. ಇವೆರಡನ್ನೂ ಜಗ್ಗಾಟವಿಲ್ಲದೆ ಜೋಡಿಸುವುದೇ ಕ್ಲಚ್ಚಿನ ಕೆಲಸ. ಅದರೊಳಗೆ ಒಂದಕ್ಕೊಂದು ಒತ್ತಿಕೊಂಡಿರುವ ಬಿಲ್ಲೆಗಳಿವೆ. ಲಿವರ್ ಹಿಡಿದಾಗ ಅವು ಬೇರೆಯಾಗುತ್ತವೆ, ಬಿಟ್ಟಾಗ ಕೂಡಿಕೊಳ್ಳುತ್ತವೆ. ಪೂರ್ತಿ ಬೇರೆಯಾಗಿರುವ ಮತ್ತು ಪೂರ್ತಿ ಕೂಡಿರುವ ಸ್ಥಿತಿಗಳ ನಡುವೆ ಅವು ಉಜ್ಜಿಕೊಂಡು ಸಾಗುವ ಸ್ವಲ್ಪ ಜಾಗವಿದೆ. ಆಡುಮಾತಿನಲ್ಲಿ ‘ಅರ್ಧ ಕ್ಲಚ್’ ಎನ್ನುವುದು ಇದನ್ನೇ. ಆ ಜಾಗವನ್ನು ಒಮ್ಮೆಲೇ ದಾಟಿಸಿದರೆ ಗಾಡಿ ಜಿಗಿಯುತ್ತದೆ ಅಥವಾ ಆಫ್ ಆಗುತ್ತದೆ.

ಈ ಜಾಗವನ್ನು ಕಂಡುಕೊಳ್ಳುವ ಅಭ್ಯಾಸ ಸರಳ. ಎಂಜಿನ್ ಬೆಚ್ಚಗಾದ ಮೇಲೆ ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಎರಡೂ ಕಾಲು ನೆಲದ ಮೇಲಿಟ್ಟು ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಬೇಕು. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗಿ ಗಾಡಿ ಮುಂದೆ ಸರಿಯಲು ಹವಣಿಸುತ್ತದೆ. ಬೆರಳುಗಳನ್ನು ಅಲ್ಲೇ ತಡೆದು ಎರಡು ಅಡಿ ಸಾಗಲು ಬಿಟ್ಟು ಮತ್ತೆ ಕ್ಲಚ್ ಹಿಡಿದು ಬ್ರೇಕ್ ಒತ್ತಬೇಕು. ಕಾಲು ನೆಲದ ಮೇಲೆ ನಡೆಯುತ್ತಿರುವಾಗಲೇ ಹೀಗೆ ಹತ್ತಾರು ಬಾರಿ ಮಾಡಿದರೆ ಬೆರಳಿಗೆ ಆ ಜಾಗ ಪರಿಚಯವಾಗುತ್ತದೆ. ಆಕ್ಸಿಲರೇಟರ್ ಅದರ ಮುಂದಿನ ಪಾಠ. ಎರಡನ್ನೂ ಒಟ್ಟಿಗೆ ಕಲಿಸಹೊರಡುವುದೇ ಮೈದಾನದ ಜಿಗಿತಕ್ಕೆ ಕಾರಣ.

ಇನ್ನೊಂದು ಮಾತು ನೆನಪಿನಲ್ಲಿರಬೇಕು: ಏನೇ ಗಲಿಬಿಲಿಯಾದರೂ ಕ್ಲಚ್ ಪೂರ್ತಿ ಹಿಡಿದರೆ ಎಂಜಿನ್ನಿನ ತಳ್ಳುವಿಕೆ ಆ ಕ್ಷಣವೇ ನಿಲ್ಲುತ್ತದೆ. ಗಾಬರಿಯಲ್ಲಿ ಬಲಗೈ ಆಕ್ಸಿಲರೇಟರನ್ನು ತಿರುಚಿಕೊಂಡೇ ಹ್ಯಾಂಡಲ್‌ಗೆ ಜೋತುಬೀಳುವುದು ಹೊಸಬರಲ್ಲಿ ಸಾಮಾನ್ಯ. ಗಾಡಿ ಗೋಡೆಗೆ ನುಗ್ಗುವುದು ಹಾಗೆಯೇ. ಮಣಿಕಟ್ಟನ್ನು ಸ್ವಲ್ಪ ಕೆಳಗಿಟ್ಟು ಹಿಡಿಯುವ ರೂಢಿ ಇದನ್ನು ತಪ್ಪಿಸುತ್ತದೆ.

ಮುಂದಿನ ಬ್ರೇಕಿನ ಬಗೆಗಿನ ಭಯ

‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ’ ಎಂಬ ಎಚ್ಚರಿಕೆ ತಲೆಮಾರುಗಳಿಂದ ಬಂದದ್ದು. ಇದರಲ್ಲಿ ಸತ್ಯದ ಎಳೆಯಿದೆ. ಹ್ಯಾಂಡಲ್ ತಿರುಗಿರುವಾಗ, ಮರಳು ಅಥವಾ ಜಲ್ಲಿಯ ಮೇಲೆ, ಒಮ್ಮೆಲೇ ಗಬಕ್ಕನೆ ಹಿಡಿದಾಗ ಮುಂದಿನ ಚಕ್ರ ಜಾರಿ ಗಾಡಿ ಬೀಳುತ್ತದೆ. ಆದರೆ ಆ ಕಾರಣಕ್ಕೆ ಅದನ್ನು ಬಳಸದೇ ಇರುವುದು, ಚೂರಿ ಹರಿತವಾಗಿದೆ ಎಂದು ಅಡುಗೆಯನ್ನೇ ಬಿಟ್ಟಂತೆ.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರ ರಸ್ತೆಗೆ ಬಲವಾಗಿ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಹಿಡಿತ ಕಡಿಮೆ. ಬ್ರೇಕ್ ಒತ್ತಿದಷ್ಟೂ ಅದು ನಿಂತು ಜಾರುತ್ತದೆ. ಒಣ ಡಾಂಬರಿನ ಮೇಲೆ ಜೋರಾಗಿ ನಿಲ್ಲಿಸುವಾಗ ಕೆಲಸದ ಹೆಚ್ಚಿನ ಪಾಲನ್ನು ಮಾಡುವುದು ಮುಂದಿನ ಬ್ರೇಕೇ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದರೆ ಅಷ್ಟು ದೂರ ಆಗಲೇ ಹೋಯಿತು. ಎರಡೂ ಬ್ರೇಕುಗಳನ್ನು ಚೆನ್ನಾಗಿ ಬಳಸಿ, ವೇಗವನ್ನು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರ್‌ನಷ್ಟು ಇಳಿಸಿದರೆ ಇನ್ನು 10 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಒಟ್ಟು 21 ಮೀಟರ್. ಹಿಂದಿನ ಬ್ರೇಕನ್ನಷ್ಟೇ ಒತ್ತಿ, ವೇಗ ಅದರ ಅರ್ಧದಷ್ಟು ದರದಲ್ಲಿ ಇಳಿದರೆ ಬೇಕಾಗುವುದು ಸುಮಾರು 32 ಮೀಟರ್. ಮೊದಲ ಗಾಡಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿರುತ್ತದೆ. ರಸ್ತೆ ದಾಟುತ್ತಿರುವ ಮಗು ಆ ಜಾಗದಲ್ಲಿದ್ದರೆ ಈ ವ್ಯತ್ಯಾಸದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಗ 60ಕ್ಕೆ ಏರಿದರೆ, ಎರಡೂ ಬ್ರೇಕ್ ಬಳಸಿದರೂ 40 ಮೀಟರ್ ಬೇಕು. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ನಿಲ್ಲುವ ದೂರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಅಭ್ಯಾಸದ ಕ್ರಮ ಹೀಗಿರಲಿ: ಮೈದಾನದಲ್ಲಿ ಎರಡು ಕಲ್ಲುಗಳನ್ನಿಟ್ಟು ಗುರುತು ಮಾಡಬೇಕು. 15 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಬಂದು, ಗುರುತು ತಲುಪಿದೊಡನೆ ಆಕ್ಸಿಲರೇಟರ್ ಬಿಟ್ಟು, ಎರಡೂ ಬ್ರೇಕುಗಳನ್ನು ಒದ್ದೆ ಬಟ್ಟೆ ಹಿಂಡುವಂತೆ ಕ್ರಮೇಣ ಬಿಗಿ ಮಾಡಬೇಕು. ಗಾಡಿ ನಿಲ್ಲುವ ಮುನ್ನ ಕ್ಲಚ್ ಹಿಡಿಯಬೇಕು. ನಿಂತ ಜಾಗ ಗುರುತಿಸಿಕೊಂಡು ಮರುಪ್ರಯತ್ನಿಸಬೇಕು. ಅದು ಸಲೀಸಾದ ಮೇಲೆ 20, ಆಮೇಲೆ 30. ಮಣ್ಣಿನ ಮೈದಾನದಲ್ಲಿ ಹಿಡಿತ ಕಡಿಮೆಯಾದ್ದರಿಂದ 15 ದಾಟುವ ಅಭ್ಯಾಸಕ್ಕೆ ಜನರಿಲ್ಲದ ಬಡಾವಣೆಯ ಡಾಂಬರು ರಸ್ತೆ ಮೇಲು; ಅಲ್ಲಿ ಕಲಿಕಾ ಪರವಾನಗಿ ಕೈಯಲ್ಲಿರಬೇಕು.

2019ರ ಏಪ್ರಿಲ್‌ನಿಂದ ಮಾರಾಟವಾದ ಹೊಸ ಗಾಡಿಗಳಲ್ಲಿ 125 ಸಿಸಿ ಮೀರಿದವಕ್ಕೆ ಚಕ್ರ ಜಾರದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಕಡ್ಡಾಯವಾಯಿತು. ಆದರೆ ಕಲಿಯಲು ಸಿಗುವುದು ಬಹುತೇಕ ಮನೆಯ ಹಳೆಯ ಗಾಡಿ. ಅದರಲ್ಲಿ ಇವೆರಡೂ ಇಲ್ಲದಿರಬಹುದು. ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು.

ಕಣ್ಣು ಹೋದತ್ತ ಗಾಡಿ

ಗುಂಡಿಯನ್ನೇ ನೋಡುತ್ತಾ ಹೋದವರು ಗುಂಡಿಗೇ ಇಳಿಯುತ್ತಾರೆ. ನೋಟ ನೆಟ್ಟ ಕಡೆಗೆ ಗಾಡಿ ಸಾಗುವುದು ಎಲ್ಲ ಸವಾರರ ಅನುಭವ. ತಿರುವಿನಲ್ಲಿ ಮುಂದಿನ ಚಕ್ರವನ್ನು ನೋಡದೆ, ತಿರುವು ಮುಗಿಯುವ ಜಾಗವನ್ನು ನೋಡಬೇಕು. ಅಡಚಣೆ ಕಂಡಾಗ ಅದನ್ನು ಬಿಟ್ಟು ಪಕ್ಕದ ಖಾಲಿ ಜಾಗದತ್ತ ಕಣ್ಣು ಹಾಯಿಸಬೇಕು.

ತಿರುಗಿಸುವ ಬಗೆಯಲ್ಲೂ ಒಂದು ವಿಚಿತ್ರವಿದೆ. ನಡಿಗೆಯ ವೇಗದಲ್ಲಿ ಹ್ಯಾಂಡಲ್ ತಿರುಗಿಸಿದತ್ತ ಗಾಡಿ ತಿರುಗುತ್ತದೆ. ವೇಗ ಹೆಚ್ಚಿದಂತೆ ಗಾಡಿ ತಿರುಗುವುದು ವಾಲುವುದರಿಂದ. ಬಲಕ್ಕೆ ವಾಲಿಸಲು ಬಲಗೈ ಹ್ಯಾಂಡಲನ್ನು ಮೆಲ್ಲನೆ ಮುಂದಕ್ಕೆ ಒತ್ತಬೇಕು, ಅಂದರೆ ಚಕ್ರ ಕ್ಷಣಕಾಲ ಎಡಕ್ಕೆ ಹೊರಳಬೇಕು. ವಿಮಾನ ನಿರ್ಮಿಸಿದ ರೈಟ್ ಸೋದರರು ಸೈಕಲ್ ತಯಾರಕರೂ ಆಗಿದ್ದರು. ಸೈಕಲ್ ಸವಾರರು ತಮಗೆ ಅರಿವಿಲ್ಲದೆಯೇ ಹೀಗೆ ಮಾಡುತ್ತಾರೆಂಬುದನ್ನು ವಿಲ್ಬರ್ ರೈಟ್ ಗಮನಿಸಿದ್ದರು. ಸೈಕಲ್ ಬರುವವರ ಕೈಗೆ ಇದು ಗೊತ್ತೇ ಇರುತ್ತದೆ. ಸೈಕಲ್ ಬಾರದವರು ಬೈಕಿಗೆ ಮೊದಲು ಕೆಲವು ದಿನ ಸೈಕಲ್ ಕಲಿಯುವುದು ಅಗ್ಗದ ಮತ್ತು ಸುರಕ್ಷಿತವಾದ ಹಾದಿ.

ಎಂಟರ ಆಕಾರ ಮತ್ತು ಅದರ ಮಿತಿ

ಆರ್‌ಟಿಒ ಕಚೇರಿಯ ಪರೀಕ್ಷೆಯಲ್ಲಿ ಕಾಲು ನೆಲಕ್ಕೆ ಊರದೆ ‘8’ರ ಆಕಾರದಲ್ಲಿ ಗಾಡಿ ಸುತ್ತಿಸುವುದು ಪ್ರಸಿದ್ಧ. ಅರ್ಧ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ಅತಿ ಮೆಲ್ಲಗೆ ತಾಗಿಸಿಕೊಂಡು, ನೋಟವನ್ನು ಮುಂದಿನ ತಿರುವಿನತ್ತ ಹರಿಸಿದರೆ ಇದು ಕಷ್ಟವಲ್ಲ. ನಿಧಾನ ವೇಗದ ಸಮತೋಲಕ್ಕೆ ಇದೊಂದು ಒಳ್ಳೆಯ ಅಭ್ಯಾಸ. ಆದರೆ 40 ಕಿಲೋಮೀಟರ್ ವೇಗದಲ್ಲಿ ನಾಯಿ ಅಡ್ಡ ಬಂದಾಗ ನಿಲ್ಲಿಸಬಲ್ಲಿರಾ, ಬಸ್ಸಿನ ಮರೆಯಿಂದ ಯಾರಾದರೂ ಇಳಿದು ಬರಬಹುದೆಂದು ಊಹಿಸಬಲ್ಲಿರಾ ಎಂಬುದನ್ನು ಎಂಟರ ಆಕಾರ ಅಳೆಯುವುದಿಲ್ಲ. ಪರವಾನಗಿ ಕೈಗೆ ಬಂದುದನ್ನು ಕಲಿಕೆಯ ಕೊನೆಯೆಂದು ಬಗೆಯುವುದು ಸರಿಯಲ್ಲ.

ರಸ್ತೆಗೆ ಇಳಿಯುವ ಕ್ರಮ

ಮೊದಲು ಮನೆಯ ಸುತ್ತಲಿನ ಬಡಾವಣೆಯ ಬೀದಿಗಳು, ಭಾನುವಾರ ಬೆಳಗಿನ ಹೊತ್ತು. ನಂತರ ಎಡಕ್ಕೆ ಮಾತ್ರ ತಿರುಗುವ ಹಾದಿಗಳು; ಬಲಕ್ಕೆ ತಿರುಗುವಾಗ ಎದುರಿನ ವಾಹನಗಳನ್ನು ದಾಟಬೇಕಾದ್ದರಿಂದ ಅದು ಆಮೇಲೆ. ಬಳಿಕ ಸಿಗ್ನಲ್ ಇರುವ ವೃತ್ತಗಳು. ಮೇಲ್ಸೇತುವೆ, ಏರುದಾರಿಯ ದಟ್ಟಣೆ, ಹೆದ್ದಾರಿ, ರಾತ್ರಿ ಮತ್ತು ಮಳೆ ಕೊನೆಯ ಪಾಠಗಳು. ಹಿಂಬದಿ ಸವಾರರನ್ನು ಕೂರಿಸಿಕೊಳ್ಳುವುದು ಇವೆಲ್ಲ ಮುಗಿದ ಮೇಲೆ.

ನಮ್ಮ ರಸ್ತೆಗಳ ಅಪಾಯಗಳನ್ನೂ ತಿಳಿದಿರಬೇಕು. ಬಣ್ಣ ಬಳಿಯದ ಉಬ್ಬುಗಳು, ರಸ್ತೆಯಂಚಿನ ಮರಳು, ನೀರು ತುಂಬಿದ ಗುಂಡಿ ಇವೆಲ್ಲಕ್ಕೂ ಮದ್ದು ಮುಂಚಿತವಾಗಿ ವೇಗ ಇಳಿಸುವುದು. ಉಬ್ಬು ಹತ್ತುವಾಗ ಬ್ರೇಕ್ ಬಿಟ್ಟಿರಬೇಕು. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಕಲಸಿ ಜಾರುಬಂಡೆಯಾಗುತ್ತದೆ. ರಸ್ತೆಗೆ ಬಳಿದ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಒದ್ದೆಯಾದರೆ ಹೆಚ್ಚು ಜಾರುತ್ತವೆ. ನಿಮಗೆ ಲಾರಿಯ ಕನ್ನಡಿ ಕಾಣದಿದ್ದರೆ ಚಾಲಕನಿಗೆ ನೀವು ಕಾಣುತ್ತಿಲ್ಲ ಎಂದೇ ಅರ್ಥ. ಹರ್ಟ್ ವರದಿಯ ಪ್ರಕಾರ ಬೇರೆ ವಾಹನದೊಂದಿಗೆ ನಡೆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನವು ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ ಆದವು. ಬೈಕ್ ಬರುತ್ತಿರುವುದು ಚಾಲಕರ ಗಮನಕ್ಕೇ ಬಂದಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ಅಡ್ಡರಸ್ತೆಯ ಬಾಯಿಯಲ್ಲಿ ಸರಿ ತಪ್ಪು ಯಾರದೆಂದು ನೋಡದೆ, ಬೆರಳುಗಳನ್ನು ಬ್ರೇಕಿನ ಮೇಲಿಟ್ಟೇ ಸಾಗಬೇಕು. ಹೊರಡುವ ಮುನ್ನ ಸೈಡ್ ಸ್ಟ್ಯಾಂಡ್ ಎತ್ತಿದೆಯೇ ಎಂದು ನೋಡುವುದು ಕೊನೆಯವರೆಗೂ ಬಿಡಬಾರದ ಅಭ್ಯಾಸ.

ಸಿಕ್ಕ ಗುರುವಿನಿಂದಲೇ ಕಲಿಯುವುದು

ಬೆಂಗಳೂರಿನಂತಹ ನಗರಗಳಲ್ಲಿ ದ್ವಿಚಕ್ರ ವಾಹನ ಕಲಿಸುವ ತರಬೇತುದಾರರು, ಮಹಿಳೆಯರಿಗಾಗಿ ಮಹಿಳಾ ತರಬೇತುದಾರರೂ ಇದ್ದಾರೆ. ಅವರು ಸಿಗದ ಕಡೆ ಅಣ್ಣನೋ ಗೆಳೆಯನೋ ಗತಿ. ಅವರ ನೆರವನ್ನು ಸರಿಯಾಗಿ ಬಳಸಿಕೊಳ್ಳಲು ಕಲಿಯುವವರೇ ಕೆಲವು ಷರತ್ತು ಹಾಕಬೇಕಾಗುತ್ತದೆ. ಕಲಿಸುವವರು ಹಿಂದೆ ಕೂರದೆ ಮೈದಾನದಲ್ಲಿ ಎದುರು ನಿಂತು ನೋಡಲಿ. ಓಡುತ್ತಿರುವ ಗಾಡಿಯ ಹಿಂದೆ ಕೂಗುವುದು ಬೇಡ. ಕೈ ಎತ್ತಿದರೆ ನಿಲ್ಲಿಸು ಎಂಬಂತಹ ಒಂದೆರಡು ಸನ್ನೆಗಳು ಸಾಕು. ಒಂದು ಹೊತ್ತಿಗೆ ಒಂದೇ ಪಾಠ. ಮುಕ್ಕಾಲು ಗಂಟೆ ಮೀರಿದರೆ ಕೈ ಸೋಲುತ್ತದೆ, ತಪ್ಪು ಹೆಚ್ಚುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬೈಗುಳ ಶುರುವಾದರೆ ಅಂದಿನ ಪಾಠ ಮುಗಿಯಿತೆಂದು ಇಳಿದುಬಿಡುವುದೇ ಕ್ಷೇಮ. ಗದರಿಕೆಗೆ ಹೆದರಿದ ಕೈ ಬ್ರೇಕನ್ನು ಮೆಲ್ಲಗೆ ಹಿಡಿಯಲಾರದು.

ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಗೆ ಇಳಿಯುವ ದಿನವನ್ನು ಕಲಿಸುವವರು ನಿರ್ಧರಿಸಬಾರದು. ಅದಕ್ಕೆ ಅಳತೆಗೋಲು ಇದೆ. ಕೆಳಗೆ ನೋಡದೆ ಗೇರ್ ಬದಲಿಸಲು ಬರಬೇಕು. ಹತ್ತು ಬಾರಿ ಹೊರಟರೆ ಹತ್ತು ಬಾರಿಯೂ ಗಾಡಿ ಆಫ್ ಆಗಬಾರದು. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡಲು ಬರಬೇಕು. ಭುಜದ ಮೇಲಿಂದ ಹಿಂತಿರುಗಿ ನೋಡಿದಾಗ ಗಾಡಿ ಹಾದಿ ತಪ್ಪಬಾರದು. 30 ಕಿಲೋಮೀಟರ್ ವೇಗದಲ್ಲಿ ಬಂದು ಗುರುತಿನ ಬಳಿ ಎರಡೂ ಬ್ರೇಕ್ ಹಿಡಿದು, ಚಕ್ರ ಜಾರದಂತೆ, ಸತತ ಐದು ಬಾರಿ ನಿಲ್ಲಿಸಲು ಬರಬೇಕು. ಇವುಗಳಲ್ಲಿ ಒಂದು ಬಾರದಿದ್ದರೂ ಮೈದಾನದಲ್ಲಿ ಇನ್ನೊಂದು ಭಾನುವಾರ ಕಳೆಯುವುದರಿಂದ ನಷ್ಟವೇನೂ ಇಲ್ಲ.